ತಣ್ಣಗಾದ ಓವನ್

ಓವನ್ ತಣ್ಣಗಿತ್ತು. ಮುಟ್ಟಿ ನೋಡಿದ ಲ್ಯಾಬಿನ ಅಕ್ಕ ಅಲ್ಲೇ ಕುಸಿದು ಕೂತರು.

ಒಳಗಿದ್ದದ್ದು ಮಕ್ಕಳ ಹೃದಯಕ್ಕೆ ಕೂರಿಸುವ ಪುಟ್ಟ ಪಂಪಿನ ಮಾದರಿ ಪೊಟ್ಟಣಗಳು. ಎಷ್ಟು ಹಳೆಯದಾದರೂ ಒಳಗೆ ಕ್ರಿಮಿ ನುಸುಳುವುದಿಲ್ಲ ಎಂದು ತೋರಿಸಲು ಅವನ್ನು ತಿಂಗಳುಗಟ್ಟಲೆ ಬಿಸಿಯಲ್ಲಿಟ್ಟು ಬೇಗ ಹಳತಾಗಿಸಬೇಕು. ನಡುವೆ ತಣಿದರೆ ಮತ್ತೆ ಮೊದಲಿನಿಂದ. ಆ ಪಂಪಿಗಾಗಿ ಪ್ರಾಜೆಕ್ಟ್ ಮುಖ್ಯಸ್ಥರ ಮಗಳೇ ಆಸ್ಪತ್ರೆಯಲ್ಲಿ ಕಾಯುತ್ತಿದ್ದಳು. ಇನ್ನು ಹೆಚ್ಚು ಕಾಯುವ ಶಕ್ತಿ ಅವಳಿಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಮುಖ್ಯಸ್ಥರು ನನ್ನ ದೊಡ್ಡಪ್ಪನನ್ನು ಕರೆಸಿದರು. ದೊಡ್ಡಪ್ಪ ನಿವೃತ್ತ ಪತ್ತೇದಾರ. ಹಿಂದೆ ಬಾಲದಂತೆ ನಾನು.

"ಕರೆಂಟ್ ಹೋಗಿತ್ತಾ?" ದೊಡ್ಡಪ್ಪ ಕೇಳಿದರು.

"ಹೋದ್ರೆ ಸೈರನ್ ಹೊಡ್ಕೊಳ್ಳುತ್ತೆ ಸರ್," ಎಂದ ಎಲೆಕ್ಟ್ರಿಷಿಯನ್. "ಯಾರೋ ಸ್ವಿಚ್ ಆರಿಸಿದ್ದಾರೆ. ನಾನಲ್ಲ — ನಾನು ಬಂದಿದ್ದೇ ಬೆಳಿಗ್ಗೆ!"

"ನಿಜ. ಮುಚ್ಚಿದ ಓವನ್ ಇಷ್ಟು ತಣಿಯೋಕೆ ರಾತ್ರಿಯೆಲ್ಲ ಬೇಕು. ನಿನ್ನೆ ಸಂಜೆ ಕೊನೇಲಿ ಇದ್ದೋರು ಯಾರು?"

"ನಾನು, ಪಂಪಿನ ವಾಲ್ವ್ ಮಾಡೋ ಈ ಎಂಜಿನಿಯರ್ — ಇಬ್ರೇ," ಅಕ್ಕ ಬಿಕ್ಕಿದರು. "ಮಗು ಥರ ನೋಡ್ಕೊಂಡಿದ್ದೆ ಸರ್!"

ಎಲ್ಲರಿಗಿಂತ ಜೋರಾಗಿ ಅಳುವವರ ಮೇಲೆ ನನಗೆ ಯಾವತ್ತೂ ಅನುಮಾನ. ದೊಡ್ಡಪ್ಪ ಮಾತ್ರ ಎಂಜಿನಿಯರ್ ಹುಡುಗನ ಕಡೆ ತಿರುಗಿದರು.

"ನನಗೂ ಓವನ್‌ಗೂ ಏನು ಸಂಬಂಧ?" ಎಂದ ಅವನು.

"ನಿನ್ನ ವಾಲ್ವ್ ಎಲ್ಲಪ್ಪಾ?"

ದೊಡ್ಡಪ್ಪ ಗೋಡೆಯ ಮೇಲಿದ್ದ ಪ್ಲಾನಿನಲ್ಲಿ ಇವತ್ತಿನ ತಾರೀಖಿನ ಮೇಲೆ ಬೆರಳಿಟ್ಟರು.

"ಅದನ್ನ ಇವತ್ತು ಬೆಳಿಗ್ಗೆ ಒಪ್ಪಿಸಬೇಕಿತ್ತು. ಈ ಗಲಾಟೇಲಿ ಒಬ್ಬರಾದ್ರೂ ಕೇಳಿದ್ರಾ? ಕೇಳಬಾರದು ಅಂತಲೇ ನೀನು ಓವನ್ ಆರಿಸಿದ್ದು. ಓವನ್ ತಡವಾದ್ರೆ ನಿನ್ನ ತಡ ಯಾರ ಕಣ್ಣಿಗೂ ಬೀಳಲ್ಲ. ಅಲ್ವಾ?"

ಹುಡುಗ ತಲೆ ತಗ್ಗಿಸಿದ. "ವಾಲ್ವ್ ಸೋರ್ತಿದೆ ಸರ್. ಇನ್ನೊಂದಿಷ್ಟು ದಿನ ಬೇಕಿತ್ತು."

"ಬಾಯಿಬಿಟ್ಟು ಕೇಳೋಕೇನಾಗಿತ್ತು?" ಮುಖ್ಯಸ್ಥರು ಕೈಯೆತ್ತಿ ಮುನ್ನುಗ್ಗಿದರು.

"ಕೇಳಿದ್ದೆ ಸರ್! ಏನಾದ್ರೂ ಎಡವಟ್ಟಾದ್ರೆ ಇರಲಿ ಅಂತ ಪ್ಲಾನಲ್ಲಿ ಬಿಟ್ಟಿದ್ದ ದಿನಗಳನ್ನೆಲ್ಲ ನೀವೇ ಕಿತ್ತುಹಾಕಿದ್ರಿ. ತಡ ಅಂದವರು ಮನೆಗೆ ಹೋಗಿ ಅಂದ್ರಿ. ಪಾಪು ಕಾಯ್ತಿದಾಳೆ ಅಂತ ಗೊತ್ತಿದ್ದೂ ನಿಮ್ಮೆದುರು ಮತ್ತೆ ಹೇಗೆ ಕೇಳಲಿ?"

ಎತ್ತಿದ ಕೈ ತಾನಾಗಿ ಕೆಳಗಿಳಿಯಿತು.

"ಅವಳಿಗೋಸ್ಕರಾನೇ ಅಲ್ವಾ ನಾನು ಆ ದಿನಗಳನ್ನ ಕಿತ್ತಿದ್ದು?" ಎಂದು ಮುಖ್ಯಸ್ಥರು ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

"ಆಸ್ಪತ್ರೆಗೆ ಹೋಗಬೇಕು," ಎಂದರು ಮುಖ್ಯಸ್ಥರು. " ಪಂಪು ಯಾವಾಗ ಬರುತ್ತಪ್ಪಾ ಅಂತ ದಿನಾ ಕೇಳ್ತಾಳೆ."

ಬಾಗಿಲವರೆಗೆ ಹೋದರು. ತಿರುಗಿ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು.