ಎರಡು ಬೆರಳಗಲ ಕೆಂಪು

ಮೂವತ್ತು ವರ್ಷ ಕಂಡವರ ಮನೆಗಳಿಗೆಲ್ಲ ನಕ್ಷೆ ಬರೆದ ಪಟ್ಟಾಭಿರಾಮರಿಗೆ ಸ್ವಂತ ಮನೆ ಇರಲಿಲ್ಲ. ಇದ್ದದ್ದು ಕುಣಿಗಲ್ ಕಡೆ ಗುಡ್ಡದ ಬುಡದಲ್ಲೊಂದು ಸೈಟು. ಅಡುಗೆಮನೆ ಕಿಟಕಿ ಇಲ್ಲೇ ಇರಲಿ ಎಂದು ಹೆಂಡತಿ ಕೌಸಲ್ಯ ಕಲ್ಲಿಟ್ಟು ಗುರುತು ಮಾಡಿ ಹತ್ತು ವರ್ಷವಾಗಿತ್ತು.

2004ರಲ್ಲಿ, ಗುಡ್ಡ ಜರಿಯುವ ಜಾಗಗಳ ನಕ್ಷೆ ಮಾಡುವ ಕೆಲಸ ಅವರು ದುಡಿಯುತ್ತಿದ್ದ ಬಟವಾಡಿಯ ಆಫೀಸಿಗೇ ಬಂತು. ಸರ್ವೆಯವರ ಕರಡಿನಲ್ಲಿ ಅವರ ಸೈಟು ಕೆಂಪು. ಅಂದರೆ ಮನೆ ಕಟ್ಟುವಂತಿಲ್ಲ. ಪಕ್ಕದ ಅಡವಿಯಪ್ಪನದು ಬಿಳಿ. ಬರೀ ಹುರುಳಿ ಚೆಲ್ಲುವ ಮನುಷ್ಯನಿಗೆ ಬಿಳಿ ಯಾಕೆ? ಪಟ್ಟಾಭಿರಾಮರ ಹೊಟ್ಟೆ ಉರಿಯಿತು. ಸೈಟಿನ ಮೇಲೆ ಬಂಡೆಯೊಂದು ವಾಲಿಕೊಂಡಿದ್ದದ್ದು ನಿಜ. ಬೀಳುವುದಿದ್ದರೆ ಇಷ್ಟು ಹೊತ್ತಿಗೆ ಬೀಳುತ್ತಿರಲಿಲ್ಲವೇ?

ಚಾಕು ಬೇಡ, ರಕ್ತ ಬೇಡ. ಒಂದು ಬ್ಲೇಡು, ಒಂದು ಕೆಂಪು ಪೆನ್ನು ಸಾಕು. ಊಟದ ಹೊತ್ತಿನಲ್ಲಿ, ಕರಡು ನೋಡಿ ತಾವೇ ಇಳಿಸಿದ್ದ ಟ್ರೇಸಿಂಗ್ ಹಾಳೆಯ ಕೆಂಪನ್ನು ಕೆರೆದು, ಎರಡು ಬೆರಳಗಲ ಪಕ್ಕಕ್ಕೆ ಸರಿಸಿದರು. ಅಡವಿಯಪ್ಪ ಕೆಂಪಾದ, ತಾವು ಬಿಳಿಯಾದರು. ಕೆರೆದ ಗುರುತು ಬೆಳಕಿಗೆ ಹಿಡಿದರೂ ಕಾಣದು. ಇಂಥ ಕೈಯನ್ನು ಇಷ್ಟು ವರ್ಷ ಪ್ರಾಮಾಣಿಕತೆಗೆ ಹಾಳು ಮಾಡಿಕೊಂಡೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಮರುಕ ಬಂತು. ಕರಡಿನ ಅಂಚಿನಲ್ಲಿದ್ದ ನಾಲ್ಕು ನಿಯಮಗಳನ್ನು ಎಂದಿನಂತೆ ಮುತ್ತು ಪೋಣಿಸಿದ ಹಾಗೆ ನಕಲು ಮಾಡಿದರು. ಓದುತ್ತಾ ಬರೆದರೆ ಅಕ್ಷರ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಕರಡು ಅಂದೇ ಮನೆಯ ಬಚ್ಚಲೊಲೆ ಸೇರಿತು.

ತಿಂಗಳಾದ ಮೇಲೆ ಆಫೀಸಿನ ಯಜಮಾನರು, ಇಂಜಿನಿಯರ್ ಮನ್ಸೂರ್ ಅಲಿ, ನಗುತ್ತಾ ಬಂದರು. "ನಕ್ಷೆ ಪಾಸಾಯ್ತು ಪಟ್ಟಾಭಿಯವರೇ! ನಿಮ್ ಸೈಟಿಂದ ಊರಿಗೇ ಉಪಕಾರ ಆಯ್ತು ಬಿಡಿ."

"ನನ್ ಸೈಟಿಂದಾ? ಏನ್ ಸಾಹೇಬ್ರೇ ಅದು?"

ಮನ್ಸೂರ್ ಅಲಿ ಅಂಚಿನ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ಪಟ್ಟಾಭಿರಾಮರು ತಮ್ಮದೇ ಮುತ್ತಿನಂಥ ಅಕ್ಷರವನ್ನು ಮೊದಲ ಸಲ ಓದಿದರು: 'ಗುಡ್ಡದ ಬುಡದಲ್ಲಿ ಕೆಂಪಿಗೆ ತಾಗಿದ ಮೊದಲ ಬಿಳಿ ಜಾಗದಲ್ಲಿ ಮನೆ ಕಟ್ಟಕೂಡದು, ಅದು ಮಳೆಗಾಲದಲ್ಲಿ ಊರ ಜನ ತಂಗುವ ಶೆಡ್ಡಿಗೆ ಮೀಸಲು.' "ಜೋರು ಮಳೆ ಬಂದ್ರೆ ಮಕ್ಳು ಮರಿ ಎಲ್ಲಾ ಅಲ್ಲೇ ಮಲಗ್ತಾರೆ," ಎಂದರು ಮನ್ಸೂರ್ ಅಲಿ. ವಾಲಿದ ಬಂಡೆ ಪಟ್ಟಾಭಿರಾಮರ ಕಣ್ಣಿಗೆ ಕಟ್ಟಿತು. ಕರಡು ಬೂದಿಯಾಗಿತ್ತು; ಕೆಂಪು ಎಲ್ಲಿತ್ತೆಂದು ಆ ಆಫೀಸಿನಲ್ಲಿ ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸಾಹೇಬ್ರೇ, ಸ್ವಲ್ಪ ಕೂತ್ಕೊಳಿ," ಎಂದರು.