ಕಣ್ಣಿನ ಮಟ್ಟಕ್ಕೆ ಹಿಡಿದ ಕೋಲು

ಟೊಪ್.

ಸಮನ್ವಿತಾ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಅದೇ, ಟೊಪ್. ಜೆ.ಪಿ. ನಗರದ ಆ ಬೀದಿಯೆಲ್ಲ ಮಲಗಿತ್ತು. ಮೇಲಿನ ರೂಮಿನ ಬಾಡಿಗೆಯವನು ಸಿದ್ದಾರೂಢ ಮಾತ್ರ ಎದ್ದಿದ್ದ. ರಬ್ಬರ್ ಚೆಂಡನ್ನು ಬಲೆಗೆ ಗುದ್ದುವ ಸದ್ದು ಅವಳಿಗೆ ಹೊಸದಲ್ಲ.

ಲ್ಯಾಕ್ರಾಸ್ ಆಟದಲ್ಲಿ ಚೆಂಡು ಹೊತ್ತು ಓಡುವ ಕೋಲಿನ ತುದಿಗೊಂದು ಬಲೆ, ಅದನ್ನೇ ಪಾಕೆಟ್ ಅನ್ನುತ್ತಾರೆ. ಗುದ್ದಿ ಗುದ್ದಿ ಅದನ್ನು ಆಳ ಮಾಡಿದರೆ ಚೆಂಡು ಒಳಗೇ ಕೂತುಬಿಡುತ್ತದೆ, ಎದುರಿನವನು ಎಷ್ಟು ಬಡಿದರೂ ಬೀಳುವುದಿಲ್ಲ. ಮಿತಿ ಮೀರಿ ಆಳ ಮಾಡುವುದು ಮೋಸ. ಬೆಳಗಾದರೆ ಜಯನಗರದ ಮೈದಾನದಲ್ಲಿ ಅವನ ಟೀಮಿನ ಸೆಮಿಫೈನಲ್. ರೆಫ್ರಿ ಇವಳೇ.

ಗದಗದ ಈ ಹುಡುಗ ದಿನಾ ಬೆಳಿಗ್ಗೆ ಕೆಳಗಿಳಿದು, ಟ್ಯಾಂಕ್ ತುಂಬಿ ಸುರಿಯುತ್ತಿದ್ದರೂ, “ಮೋಟಾರ್ ಹಾಕ್ಲೇನ್ರೀ?” ಎಂದು ಕೇಳುತ್ತಿದ್ದ. ಅವಳೂ ಟ್ಯಾಂಕಿನತ್ತ ನೋಡದೆ, ಅವನನ್ನೇ ನೋಡುತ್ತ, “ಸ್ವಲ್ಪ ತಡೀರಿ” ಎನ್ನುತ್ತಿದ್ದಳು. ಮನಸ್ಸು ಕೊಟ್ಟವನೇ ಕಳ್ಳಾಟದವನಾದರೆ? ಅವಳಿಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಆಟಗಾರರೆಲ್ಲ ಕೋಲು ಹಿಡಿದು ಸಾಲಾಗಿ ನಿಂತರು. ಚೆಂಡನ್ನು ಬಲೆಗೆ ಹಾಕಿ, ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿಯಬೇಕು. ಚೆಂಡಿನ ನೆತ್ತಿಗೂ ಬಲೆ ಕಟ್ಟಿದ ಚೌಕಟ್ಟಿನ ಕೆಳ ಅಂಚಿಗೂ ನಡುವೆ ಬೆಳಕು ಕಂಡರೆ ಕೋಲು ಹೊರಗೆ.

“ಮೇಡಂ, ನಂದು.” ಸಿದ್ದಾರೂಢನ ಕಣ್ಣು ಕೆಂಪಗಿತ್ತು.

ಎಷ್ಟು ಹುಡುಕಿದರೂ ಬೆಳಕು ಕಾಣಲಿಲ್ಲ. ಅವಳು ಕೋಲು ವಾಪಸು ಕೊಟ್ಟಳು, ನಂಬಿಕೆ ಕೊಡಲಿಲ್ಲ. ಚೆಕ್ ಮುಗಿದ ಮೇಲೆ ಬಲೆಯ ಹಗ್ಗ ಸಡಿಲಿಸಿ ಆಳ ಮಾಡಿಕೊಳ್ಳುವವರನ್ನು ಅವಳು ಕಂಡಿದ್ದಳು. ಆಟದುದ್ದಕ್ಕೂ ಅವಳ ಕಣ್ಣು ಅವನ ಬೆರಳುಗಳ ಹಿಂದೆಯೇ ಓಡಿತು. ಅವನಿಗೂ ಅದು ಗೊತ್ತಾಗಿ, ಒಮ್ಮೆ ತಿರುಗಿ ಹುಬ್ಬು ಕುಣಿಸಿದ. ಇವಳು ಸೀಟಿ ಕಚ್ಚಿಕೊಂಡು ಆಕಾಶ ನೋಡಿದಳು.

ಅವನು ಗೋಲು ಹೊಡೆದದ್ದೇ ತಡ, ಎದುರು ಟೀಮಿನ ಕ್ಯಾಪ್ಟನ್ ಮನೋಜ್ ಕೈಯೆತ್ತಿದ.

“ಮೇಡಂ, ಇನ್ನೊಂದ್ಸಲ ಚೆಕ್ ಮಾಡಿ. ನಿಮ್ಮ ಮೇಲ್ಗಡೆ ಮನೆಯವನು ಅಂತ ಬಿಟ್ಬಿಡ್ತೀರೇನೋ!”

ಸುತ್ತ ಇದ್ದವರು ನಕ್ಕರು. ಸಮನ್ವಿತಾಳ ಕಿವಿ ಬಿಸಿಯಾಯಿತು. ಸಿದ್ದಾರೂಢನನ್ನು ಗೆರೆಯಾಚೆ ಕರೆದು ಕೋಲಿಗೆ ಕೈ ಚಾಚಿದಳು.

“ಹಗ್ಗ ಸಡಿಲ ಮಾಡಿದ್ದೀರಾ?”

“ನಿಮ್ಮ ಕೈಯಾಗೇ ಐತಲ್ರೀ, ನೋಡ್ರಿ.”

ಚೆಂಡು ಹಾಕಿ ಎತ್ತಿ ಹಿಡಿದಳು. ಬೆಳಿಗ್ಗೆ ಕೆಳಗಿನ ಸಂದಿಯನ್ನೇ ಹುಡುಕುತ್ತ ಮೇಲೆ ನೋಡಿಯೇ ಇರಲಿಲ್ಲ. ಚೆಂಡು ಬಲೆಯಲ್ಲಿ ಇಳಿದೇ ಇಲ್ಲ, ತಟ್ಟೆಯ ಮೇಲಿಟ್ಟ ಲಾಡುವಿನ ಹಾಗೆ ಚೌಕಟ್ಟಿನ ಮೇಲೆದ್ದು ಕೂತಿದೆ.

“ಇಷ್ಟು ಬಿಗಿಯಿದ್ರೆ ಚೆಂಡು ನಿಲ್ಲುತ್ತಾ?”

“ಎಲ್ಲಿ ನಿಲ್ತೈತ್ರೀ? ಎಷ್ಟ್ ಸಲ ಬಿತ್ತು, ನೋಡ್ಲಿಲ್ಲೇನು?”

“ಮತ್ತೆ ರಾತ್ರಿ ಗುದ್ದಿದ್ದು?”

“ಕೇಳಸ್ತೇನ್ರೀ?” ಅವನು ಕತ್ತು ಕೆರೆದುಕೊಂಡ. “ಬಿಗಿಯೋದು, ಗುದ್ದಿ ನೋಡೋದು, ಮತ್ತ ಬಿಗಿಯೋದು. ಕೂದಲೆಳೆಯಷ್ಟೂ ಇಳೀಬಾರ್ದು ಅಂತ.”

“ಯಾಕೆ?”

ಅವನು ಮನೋಜನ ಕಡೆ ನೋಡಿ ದನಿ ತಗ್ಗಿಸಿದ. “ನನ್ನ ಕೋಲಿನಿಂದ ನಿಮಗ ಒಂದು ಮಾತು ಬರಬಾರ್ದು ಅನಸ್ತ್ರೀ.”

ಅವಳು ಕೋಲನ್ನು ಅವನ ಕೈಗೆ ಕೊಟ್ಟಳು. ಮನೋಜನತ್ತ ತಿರುಗಿ “ಲೀಗಲ್!” ಎಂದು ಕೂಗಿದಳು.

ಕೊನೆಯ ನಿಮಿಷದಲ್ಲಿ ಗೋಲಿನೆದುರೇ ಅವನ ಬಲೆಯಿಂದ ಚೆಂಡು ಜಾರಿ ಬಿತ್ತು. ಅವನ ಟೀಮು ಸೋತಿತು.

ಮೈದಾನದ ನಲ್ಲಿಯ ಹತ್ತಿರ ಅವನು ಮುಖ ತೊಳೆಯುತ್ತಿದ್ದ.

“ಇನ್ಮೇಲೆ ನಿಮ್ಮ ಟೀಮಿನ ಮ್ಯಾಚಿಗೆ ನಾನು ರೆಫ್ರಿ ಆಗಲ್ಲ,” ಎಂದಳು.

ಅವನ ಮುಖ ಬಾಡಿತು. “ಇನ್ನೂ ಅನುಮಾನ ಐತೇನ್ರೀ?”

“ಇಲ್ಲ. ನಿಮಗೆ ಆಡೋಕೆ ಸರಿಹೋಗೋ ಹಾಗೆ ಹಗ್ಗ ಕಟ್ಕೊಳ್ಳಿ. ನಾನು ಸುಮ್ನೆ ನೋಡೋಕೆ ಬರ್ತೀನಿ.”

“ಯಾರ್ನ ನೋಡಾಕ್ರೀ?”

“ಮನೋಜನ್ನ.”

ರೆಪ್ಪೆಯ ಮೇಲಿನ ನೀರು ಒರೆಸಿಕೊಳ್ಳುವುದನ್ನೂ ಮರೆತು ಅವನು ನಕ್ಕ. ಅವಳು ಕರ್ಚೀಫು ಚಾಚಿದಳು. ಅವನು ಕರ್ಚೀಫಿನ ಜೊತೆ ಬೆರಳನ್ನೂ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಮನೆ ಬಾಗಿಲಲ್ಲಿ ಅಮ್ಮ ಮುನಿಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದರು. “ಮೇಲಿನ ಹುಡುಗ ಸೋತ್ನಂತೆ? ನೀನ್ಯಾಕೆ ಗೆದ್ದೋಳ ಥರ ಬರ್ತಿದ್ದೀಯೇ?”

“ಬಿಸಿಲು ಕಣಮ್ಮ.”

ಅವನ ಟೀಮಿನ ಮ್ಯಾಚಿಗೆ ಯಾಕೆ ರೆಫ್ರಿ ಆಗಲ್ಲ ಎಂದು ಮೈದಾನದವರೂ ನಾಳೆ ಕೇಳುತ್ತಾರೆ. ಕೇಳಲಿ. ಅಮ್ಮನಿಗಾಗಲಿ ಅವರಿಗಾಗಲಿ, ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಶೂ ಬಿಚ್ಚಿ ಒಳಗೆ ಹೋದಳು.