ಖಾಲಿ ಕುರ್ಚಿಯ ನೆಗೆಟಿವ್

ಕುಮಾಸಿ ನಗರದ ನಮ್ಮ ಕ್ಯಾಮೆರಾ ಗುಂಪಿನ ಅಫ್ರಿಯೆ ತನ್ನ ತಾಯಿಯ ಮುಖ ಕಂಡವಳಲ್ಲ. ಹೆರಿಗೆಯಲ್ಲೇ ತೀರಿಕೊಂಡ ಆಕೆಯ ಒಂದು ಫೋಟೊವೂ ಉಳಿದಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಸಂತೆಯಲ್ಲಿ ಕೊಂಡ ಹಳೇ ಲೆನ್ಸ್ ಪರೀಕ್ಷಿಸಲೆಂದು ನಾನು ಅವಳ ಅಂಗಳದ ಖಾಲಿ ಕುರ್ಚಿಯ ಚಿತ್ರ ತೆಗೆದೆ. ಸುಡುಬಿಸಿಲಲ್ಲೂ ಲೆನ್ಸ್ ಕೈ ಮರಗಟ್ಟುವಷ್ಟು ತಣ್ಣಗಿತ್ತು.

ಫಿಲ್ಮ್ ತೊಳೆದು ಸ್ಕ್ಯಾನ್ ಮಾಡಿದರೆ, ಕುರ್ಚಿಯಲ್ಲಿ ಹೆಂಗಸೊಬ್ಬಳು ನಗುತ್ತ ಕೂತಿದ್ದಳು. ಗುಂಪಿನವರಿಗೆ ತೋರಿಸಿದೆ.

"ಒಂದು ಚಿತ್ರದ ಮೇಲೇ ಇನ್ನೊಂದು ಚಿತ್ರ ತೆಗೆದಿದ್ದೀಯ ಮಾರಾಯ," ಎಂದು ಗೆಳೆಯ ಬೋಟೆಂಗ್ ನಕ್ಕ.

ಅಫ್ರಿಯೆ ಅದನ್ನು ತಾಯಿಯ ಅಕ್ಕನಾದ ದೊಡ್ಡಮ್ಮನಿಗೆ ತೋರಿಸಿದಳು.

"ಅಯ್ಯೋ ಮಗಳೇ, ಈ ಕೆನ್ನೆಗುಳಿ ನೋಡೇ! ನಿಮ್ಮಮ್ಮನೇ ಕಣೇ!"

ಅಫ್ರಿಯೆ ಚಿತ್ರಕ್ಕೆ ಕಟ್ಟು ಹಾಕಿಸಿದಳು. ದಿನಾ ಬೆಳಿಗ್ಗೆ ಅದರೊಡನೆ ಮಾತಾಡುತ್ತಾಳೆ, ನಗುತ್ತಾಳೆ. ನಾನೂ ಹೋದಾಗೆಲ್ಲ ನೋಡುತ್ತೇನೆ. ಇಪ್ಪತ್ತೆರಡಕ್ಕೇ ತೀರಿಕೊಂಡ ಆ ತಾಯಿಯ ತಲೆ ಚಿತ್ರದಲ್ಲಿ ಪೂರ್ತಿ ನರೆತಿದೆ.